ಕಾಟಾ ನೀಲಕಂಠಪ್ಪ ಹೇಳದೆ ಬಿಟ್ಟದ್ದು

ಇಸ್ತಿಯಾಕನಿಗೆ ಒಂದು ಮಾತು ಬಾಕಿ ಇದೆ. ರೊಕ್ಕದ ಬಾಕಿಯಾಗಿದ್ದರೆ ನಾವೇ ನಾಲ್ಕು ಮಂದಿ ಕೂಡಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಇದು ಹಾಗೆ ತೀರುವಂಥದ್ದಲ್ಲ. ಬೆಂಗೇರಿ ಸಂತೆಯ ದಿನ, ಕಾಯಿಪಲ್ಲೆ ಬುಟ್ಟಿಗಳ ನಡುವೆ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಅವನ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತು ಓಣಿಗೆಲ್ಲ ಕೇಳುವ ಹಾಗೆ ಹೇಳಬೇಕಾದ ಮಾತು. ಹೇಳಬೇಕಾದವನು ನೀಲಕಂಠಪ್ಪ. ಇನ್ನೂ ಹೇಳಿಲ್ಲ.

ಬರೀ ನೀಲಕಂಠಪ್ಪ ಎಂದರೆ ಹುಬ್ಬಳ್ಳಿಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಕಾಟಾ ನೀಲಕಂಠಪ್ಪ ಎನ್ನಬೇಕು. ಕಾಟಾ ಅಂದರೆ ಚೀಲವನ್ನು ಹಲಗೆಯ ಮೇಲಿಟ್ಟು ತೂಗುವ ತಕ್ಕಡಿ. ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕೆಲಸ ಅವನದು. ಆಗಿನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಆ ಅಂಗಡಿಯಲ್ಲಿ ತೂಕದ ಮೋಸ ನಡೆಯುತ್ತಿತ್ತು. ಜೋಳ ತಂದ ರೈತರಿಗೂ ಗೊತ್ತಿತ್ತು, ಚೀಲ ಹೊರುವ ಹಮಾಲರಿಗೂ ಗೊತ್ತಿತ್ತು. ಚಳವಳಿಯ ಹುಡುಗರಾದ ನಾವು ಅಂಗಡಿ ಮುಂದೆ ಕುಳಿತು ಅನ್ಯಾಯ ಅನ್ಯಾಯ ಎಂದು ಗಂಟಲು ಹರಿಯುವಂತೆ ಒದರಿದೆವು. ಮನವಿ ಬರೆದೆವು. ತೂಕದ ಸಾಹೇಬರು ಒಂದು ಮುಂಜಾನೆ ಬಂದು ಕಾಟಾ ಪರೀಕ್ಷೆ ಮಾಡಿದರು. ಕಾಟಾ ಸರಿ ಇತ್ತು. ಮತ್ತೊಮ್ಮೆ ಬಂದರು, ಮತ್ತೂ ಸರಿ ಇತ್ತು. ‘ಏನ್ರಪಾ, ಕೆಲಸ ಇಲ್ಲೇನ ನಿಮಗ?’ ಎಂದು ಬೈದು ಜೀಪು ಹತ್ತುವಾಗ ಈ ನೀಲಕಂಠಪ್ಪ ಅಂಗಡಿಯೊಳಗಿಂದ ಇಳಿದು ಬಂದ.

‘ಸಾಹೇಬ್ರ, ಮುಂಜಾನೆ ಕಾಟಾ ಖರೇನ ಇರ್ತೈತ್ರಿ. ಮಧ್ಯಾಹ್ನ ಚಾ ಬಂದ ಮ್ಯಾಲ ನೋಡ್ರಿ. ಹಲಿಗಿ ಕೆಳಗ, ಹಿಂದಿನ ಎಡಗಡಿ ಮೂಲ್ಯಾಗ ಒಂದು ಕಟಗಿ ಚಕ್ಕಿ ಸಿಗಸ್ತಾರ. ಚೀಲದ ಭಾರ ಅಲ್ಲಿ ನಿಂದರ್ತೈತಿ, ಕಾಟಾ ಕಮ್ಮಿ ತೋರಸ್ತೈತಿ.’

‘ಯಾರು ಸಿಗಿಸೋದು?’

‘ನಾನ ರೀ.’

ಅಷ್ಟೇ. ನಾವು ಹಂಗಾಮು ಪೂರ್ತಿ ಒದರಿ ಮಾಡಲಾಗದ್ದನ್ನು ಆ ಮಾತು ಮಾಡಿತು. ಎಲ್ಲಿ, ಯಾವ ಹೊತ್ತಿಗೆ, ಯಾರ ಕೈಯಿಂದ ಎಂಬುದೆಲ್ಲ ಅದರಲ್ಲಿತ್ತು. ಸಾಹೇಬರು ಮಧ್ಯಾಹ್ನ ಚಹಾ ಬರುವವರೆಗೆ ಕಾದು ಕುಳಿತರು, ಹಲಗೆ ಎತ್ತಿಸಿದರು, ಚಕ್ಕೆ ಸಿಕ್ಕಿತು. ಅಂಗಡಿಯವನು ಅವತ್ತೇ ನೀಲಕಂಠಪ್ಪನನ್ನು ಹೊರಗೆ ಹಾಕಿದ. ಹಮಾಲ ಗುಲಾಬಸಾಬ ಬೆನ್ನ ಮೇಲಿನ ಚೀಲ ಅಲ್ಲೇ ಇಳಿಸಿ, ‘ಈ ಹುಡುಗನ್ನ ಹೊರಗ ಹಾಕಿದ್ರ ನಮ್ಮ ಬೆನ್ನೂ ಹೊರಗ’ ಎಂದ. ಉಳಿದ ಹಮಾಲರೂ ಇಳಿಸಿದರು. ಕೊನೆಗೆ ಅದೇ ಕಾಟಾದ ಮುಂದೆ ನೀಲಕಂಠಪ್ಪನನ್ನು ತಂದು ನಿಲ್ಲಿಸಿದ್ದು ಆ ಬೆನ್ನುಗಳೇ. ಅಂದಿನಿಂದ ಅವನು ಕಾಟಾ ನೀಲಕಂಠಪ್ಪ. ಆಮೇಲೆ ಯಾವ ಸಭೆಯಲ್ಲಿ ಯಾರು ಅನ್ಯಾಯ ಎಂದು ಶುರು ಮಾಡಿದರೂ ಅವನು ನಡುವೆ ಬಾಯಿ ಹಾಕುತ್ತಿದ್ದ: ‘ಒದರಬ್ಯಾಡ್ರಿ. ಯಾವ ಕಾಟಾ, ಯಾರ ಚೀಲ, ಹಲಿಗಿ ಮ್ಯಾಲ ಯಾರ ಕಾಲಿತ್ತು, ಅದನ್ನ ಹೇಳ್ರಿ.’ ಎಷ್ಟೋ ಭಾಷಣಕಾರರು ಅವನನ್ನು ಕಂಡರೆ ಬೆವರುತ್ತಿದ್ದರು.

ಇಸ್ತಿಯಾಕ ಆ ಗುಲಾಬಸಾಬನ ಮಗ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ವಯಸ್ಸಾಗಿ ಕೆಲಸ ಬಿಟ್ಟ ಮೇಲೆ ನೀಲಕಂಠಪ್ಪನ ಮೊಣಕಾಲುಗಳು ಕೈಕೊಟ್ಟವು. ಬೆಂಗೇರಿಯ ಮನೆಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ಬೈಯುವುದು ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ. ಬೈಗುಳ ಕೇಳಿ ಸಾಕಾದ ಮೊಮ್ಮಗಳು ಭಾಗ್ಯಶ್ರೀ ಅವನ ಫೋನಿನಲ್ಲಿ ‘ಹಸಿರು ಹೊಲ’ ಎಂಬ ಗೇಮು ಹಾಕಿಕೊಟ್ಟಳು. ಹೊಲ ಉಳುವುದು, ಬಿತ್ತುವುದು, ನೀರು ಬಿಡುವುದು, ಬೆಳೆದದ್ದನ್ನು ಕೊಯ್ಯುವುದು. ಜನ್ಮದಲ್ಲಿ ಒಂದು ಗುಂಟೆ ಹೊಲ ಕಾಣದ, ಊರವರ ಜೋಳ ತೂಗುತ್ತಲೇ ಮುದುಕನಾದವನಿಗೆ ಅಂಗೈಯಲ್ಲಿ ಹೊಲ ಸಿಕ್ಕಿತು. ಬೈಗುಳ ನಿಂತಿತು. ಹೆಂಡತಿ ಕಾಳವ್ವ, ‘ಹೊಲದಾಗಿಂದ ಬಂದ ಮ್ಯಾಲ ಊಟಕ್ಕ ಬರ್ರಿ’ ಎಂದು ಅಡುಗೆಮನೆಯಿಂದಲೇ ಹಂಗಿಸುತ್ತಿದ್ದಳು.

ಈ ಗೇಮಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹೊಲ. ಆದರೆ ಬಳಗ ಕಟ್ಟಿಕೊಂಡರೆ ಎಲ್ಲರಿಗೂ ಸೇರಿದ ಒಂದು ಕಣಜ ಇರುತ್ತದೆ. ಎಲ್ಲರೂ ಬೆಳೆದದ್ದರಲ್ಲಿ ಪಾಲು ತಂದು ಅದರಲ್ಲಿ ಸುರಿಯಬೇಕು. ಯುಗಾದಿಗೆ ಬೇರೆ ಬೇರೆ ಊರಿನ ಬಳಗಗಳ ನಡುವೆ ಪಂದ್ಯ. ಯಾರ ಕಣಜ ದೊಡ್ಡದೋ ಅವರು ಗೆದ್ದಂತೆ. ಬೆಂಗೇರಿ ಬಳಗದಲ್ಲಿ ಚಹಾ ಅಂಗಡಿಯವರು, ಆಟೋದವರು, ಕಾಲೇಜು ಹುಡುಗಿಯರು, ನಮ್ಮ ಹಳೆಯ ಚಳವಳಿಯ ಕೆಲವು ಹಲ್ಲುದುರಿದ ಹುಲಿಗಳು, ಎಲ್ಲ ಇದ್ದರು. ಇಸ್ತಿಯಾಕನೂ ಇದ್ದ. ಕಣಜ ನೋಡಿಕೊಳ್ಳುವ ಹಿರಿಯ ಯಾರಾಗಬೇಕು ಎಂದಾಗ ಇಸ್ತಿಯಾಕನೇ ಹೇಳಿದ: ‘ಕಾಟಾ ಕಾಕಾ ಇರೂ ಮುಂದ ಬ್ಯಾರೇದವ್ರ ಹೆಸರ ಯಾಕ?’

ಇಲ್ಲಿಂದ ಕೆಡುಕು ಶುರು. ಗೇಮಿನಲ್ಲಿ ಜೋಳ ಮಾಗಲು ಕಾಯಬೇಕು. ಒಂದು ಸಲ ಫೋನು ಪೂರ್ತಿ ಆರಿ ಮತ್ತೆ ಹತ್ತಿದಾಗ ಅದರ ತಾರೀಖು ಹೇಗೋ ಮುಂದೆ ಓಡಿತ್ತು. ಗೇಮು ತೆರೆದರೆ ಹೊಲವೆಲ್ಲ ಮಾಗಿ ನಿಂತಿತ್ತು. ನೀಲಕಂಠಪ್ಪ ಮೂರ್ಖನಲ್ಲ; ಚಕ್ಕೆ ಸಿಗಿಸಿ ಬಲ್ಲ ಕೈ. ಅಂದಿನಿಂದ ಬಿತ್ತುವುದು, ಫೋನಿನ ತಾರೀಖು ಮುಂದೆ ತಳ್ಳುವುದು, ಕೊಯ್ಯುವುದು, ಕಣಜಕ್ಕೆ ಸುರಿಯುವುದು, ತಾರೀಖು ಹಿಂದಕ್ಕೆ ತರುವುದು. ಕಣಜ ಉಬ್ಬಿತು. ‘ಕಾಕಾನ ಕೈಗುಣ ನೋಡ್ರಿ’ ಎಂದು ಬಳಗದವರು ಹೊಗಳಿದರು. ಅವನಿಗೆ ಬೇಕಾಗಿದ್ದದ್ದು ಆ ಮಾತು. ಮುಪ್ಪಿನಲ್ಲಿ ಯಾರೂ ಕೇಳದ ಮನುಷ್ಯನಿಗೆ ಹೊಗಳಿಕೆ ಎಂಥ ಹೆಂಡ ಎಂಬುದು ನನಗೆ ಗೊತ್ತು, ಆದರೆ ಅದಕ್ಕೆಂದು ಅವನನ್ನು ಸುಮ್ಮನೆ ಬಿಡಲಾರೆ. ಮಾಡಿದ್ದು ಮೋಸ. ಹಲಗೆಯ ಕೆಳಗಿನ ಚಕ್ಕೆಯೇ ಅದು.

ಒಂದು ದಿನ ಫೋನು ಕಟ್ಟೆಯ ಕಲ್ಲಿನ ಮೇಲೆ ಬಿದ್ದು ಗಾಜು ಒಡೆಯಿತು. ಮುಂಜಾನೆ ಇಸ್ತಿಯಾಕನಿಗೆ ಕೊಟ್ಟ. ಇಸ್ತಿಯಾಕ ಹೊಸ ಗಾಜು ಹಾಕಿ ಮಧ್ಯಾಹ್ನ ಮನೆಗೇ ತಂದುಕೊಟ್ಟ, ಕಾಳವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದ. ಅರ್ಧ ದಿನ ಹೊಲ ನೋಡದ ನೀಲಕಂಠಪ್ಪನಿಗೆ ತಾಳ್ಮೆ ಇರಲಿಲ್ಲ. ತಾರೀಖನ್ನು ಎಂದಿಗಿಂತ ಬಹಳ ಮುಂದೆ ತಳ್ಳಿದ. ಕೊಯ್ದ. ಕಣಜಕ್ಕೆ ಸುರಿದ. ಸುರಿದದ್ದೇ ತಡ, ಕಣಜ ಕಪ್ಪಾಯಿತು. ಇವನ ಚೀಲವಷ್ಟೇ ಅಲ್ಲ, ಬಳಗದವರೆಲ್ಲ ತಿಂಗಳುಗಟ್ಟಲೆ ತಂದು ಸುರಿದದ್ದೆಲ್ಲ ಕೊಳೆತು ಹೋಯಿತು. ಗೇಮಿನೊಳಗೆ ಕಾಳಿಗೂ ಆಯುಷ್ಯವಿದೆ. ಬಹಳ ದಿನ ಇಟ್ಟರೆ ಕೊಳೆಯುತ್ತದೆ. ಇವನ ಫೋನಿನ ತಾರೀಖನ್ನೇ ನಂಬಿ ಗೇಮು ಇಡೀ ಕಣಜದ ಆಯುಷ್ಯ ಮುಗಿಸಿಬಿಟ್ಟಿತ್ತು. ಹಾಗೆ ನಂಬಬಾರದಿತ್ತು. ಅದು ಗೇಮು ಮಾಡಿದವರ ತಪ್ಪು. ಆದರೆ ಆ ತಪ್ಪು ಹೊರಬೀಳಬೇಕಾದರೆ ತಾರೀಖು ತಿದ್ದಿದವನು ಬಾಯಿಬಿಡಬೇಕಿತ್ತು.

ನೀಲಕಂಠಪ್ಪ ತಾರೀಖು ಹಿಂದೆ ತಂದ. ಕಣಜ ಹಿಂದೆ ಬರಲಿಲ್ಲ. ಬಳಗದವರ ಪ್ರಶ್ನೆಗಳು ಒಂದರ ಮೇಲೊಂದು ಬರತೊಡಗಿದವು. ಕಾಕಾ, ಏನಾತು? ಕಾಕಾ, ಕಣಜ ಎಲ್ಲಿ?

ಗೇಮಿನೊಳಗೆ ಸಹಾಯ ಕೇಳುವ ಜಾಗವಿದೆ. ಅಲ್ಲಿ ದೂರು ಬರೆದರೆ ಕಂಪನಿಯವರು ಫೋನು ಮಾಡುತ್ತಾರೆ. ಊರಿಗೆಲ್ಲ ದೂರು ಬರೆಯಲು ಕಲಿಸಿದ ಮನುಷ್ಯ ಅಲ್ಲಿ ಬರೆದದ್ದು ಇದು: ‘ನಮ್ಮ ಕಣಜ ಲೂಟಿಯಾಗಿದೆ. ಬಡವರಿಗೆ ಘೋರ ಅನ್ಯಾಯವಾಗಿದೆ. ತಕ್ಷಣ ನ್ಯಾಯ ಒದಗಿಸಬೇಕು. ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ.’ ಯಾವ ಹೊತ್ತು ಎಂಬುದಿಲ್ಲ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ ಎಂಬುದಿಲ್ಲ. ಬೇರೆ ಯಾರಾದರೂ ಇದನ್ನು ಬರೆದು ತಂದಿದ್ದರೆ ಹರಿದು ಮುಖಕ್ಕೆ ಎಸೆಯುತ್ತಿದ್ದ.

ಮರುದಿನ ಫೋನು ಬಂತು. ಪುಸ್ತಕದ ಕನ್ನಡದಲ್ಲಿ ಒಬ್ಬ ಹುಡುಗಿ, ‘ನಮಸ್ಕಾರ ಸರ್, ಹಸಿರು ಹೊಲ ಸಹಾಯ ವಿಭಾಗದಿಂದ ಪ್ರಭಾವತಿ ಮಾತನಾಡುತ್ತಿದ್ದೇನೆ. ಏನಾಯಿತು ಎಂದು ವಿವರವಾಗಿ ಹೇಳುತ್ತೀರಾ?’ ಎಂದಳು.

‘ಏನ್ ವಿವರ ಯವ್ವಾ? ಲೂಟಿ ಆಗೈತಿ ಅಂತ ಬರದೇನಲ್ಲ.’

‘ಲೂಟಿ ಅಂದ್ರ ಹೆಂಗ್ರಿ ಕಾಕಾರ?’ ಅವಳ ಬಾಯಿಂದ ಪುಸ್ತಕದ ಕನ್ನಡ ಜಾರಿತು. ‘ಕಾಳು ಕಾಣವಲ್ದೋ, ಕರ್ರಗ ಆಗೈತೋ?’

‘ಕರ್ರಗ ಆಗೈತಿ. ಅಲ್ಲಾ, ನೀ ನಮ್ಮ ಕಡಿಯಾಕೀ ಇದ್ದಂಗದಿಯಲ್ಲ! ಯಾವೂರ ತಂಗಿ?’

‘ಉಪ್ಪಿನಬೆಟಗೇರಿರಿ. ಈಗ ಇಲ್ಲೇ ಲಕಮನಹಳ್ಳ್ಯಾಗ ಇರ್ತೇವ್ರಿ.’

‘ಉಪ್ಪಿನಬೆಟಗೇರಿ? ನಮ್ಮ ಬೀಗರ ಊರ!’

ಮಗಳನ್ನು ಕೊಟ್ಟ ಊರು. ನಮ್ಮ ಕಡೆ ಯಾರ ಜೊತೆ ಮಾತು ಶುರುವಾದರೂ ಮೊದಲು ಊರು, ಆಮೇಲೆ ಓಣಿ, ಆಮೇಲೆ ಬೀಗತನ. ಅಷ್ಟು ಆಗದೆ ಕೆಲಸದ ಮಾತು ಬರುವುದೇ ಇಲ್ಲ. ಅವತ್ತು ಇದೇ ಕುತ್ತಿಗೆಗೆ ಬಂತು. ಎಲ್ಲಿಯದೋ ದೂರದ ದನಿಯಾಗಿದ್ದರೆ ನೀಲಕಂಠಪ್ಪ ತಾರೀಖಿನ ವಿಷಯ ಹೇಳಿಬಿಡುತ್ತಿದ್ದನೇನೋ. ಅವನೇ ನನಗೆ ಹಾಗೆ ಹೇಳಿದ. ಬೀಗರ ಊರಿನ ಹುಡುಗಿ ಎಂದು ಗೊತ್ತಾದ ಮೇಲೆ ನಾಲಿಗೆ ಹಿಂದೆ ಸರಿಯಿತು. ಕಾಟಾ ನೀಲಕಂಠಪ್ಪ ಮುಪ್ಪಿನಲ್ಲಿ ಗೇಮಿನೊಳಗೆ ಕಳ್ಳ ಜೋಳ ಬೆಳೆಯುತ್ತಾನೆ ಎಂಬುದು ಬೀಗರ ಮನೆಯ ಪಡಸಾಲೆಗೆ ಮುಟ್ಟಿದರೆ?

‘ಕರ್ರಗ ಆಗೂಕಿಂತ ಮದ್ಲ ನೀವು ಏನ್ ಮಾಡಾಕತ್ತಿದ್ರಿ ಕಾಕಾರ?’

‘ಏನೂ ಇಲ್ಲ.’

‘ಏನೂ ಅಂದ್ರ?’

‘ಚಾ ಕುಡ್ಯಾಕತ್ತಿದ್ದೆ.’

‘ಫೋನಿನ ಸೆಟ್ಟಿಂಗ್ ಏನರ ಬದಲಿ ಮಾಡಿದ್ರೇನ್ರಿ?’

‘ನಾ ಹಳೇ ಮನಿಶ್ಯಾ. ಅವೆಲ್ಲ ನನಗೆಲ್ಲಿ ತಿಳಿತಾವ ಮಗಳ?’

‘ಫೋನು ಬ್ಯಾರೇದವ್ರ ಕೈಯಾಗ ಏನರ ಹೋಗಿತ್ತೇನ್ರಿ?’

ಮುಳುಗುವವನ ಕೈಗೆ ಹುಲ್ಲುಕಡ್ಡಿಯಲ್ಲ, ಮನುಷ್ಯನ ಕುತ್ತಿಗೆಯೇ ಸಿಕ್ಕಿತು. ‘ಹೋಗಿತ್ತು ನೋಡು,’ ಎಂದ. ‘ರಿಪೇರಿಯಾಂವನ ಹಂತೇಕ ಇತ್ತು. ಇಸ್ತಿಯಾಕ ಅಂತ.’

‘ಬರಕೊಳ್ತೇನ್ರಿ. ಆದ್ರ ಅವರ ಮಾಡ್ಯಾರ ಅಂತ ನಾ ಹೇಳಾಕತ್ತಿಲ್ಲ ಮತ್ತ. ಎಲ್ಲಾರನ್ನೂ ಕೇಳೂ ಮಾತು ಇದು.’

ಆ ಕೊನೆಯ ಮಾತನ್ನು ನೀಲಕಂಠಪ್ಪ ಚೆನ್ನಾಗಿಯೇ ಕೇಳಿಸಿಕೊಂಡಿದ್ದ. ಅವನ ಕಿವಿ ಮಂದ, ಖರೆ; ಆದರೆ ಆ ನೆವ ಇಲ್ಲಿ ನಡೆಯುವುದಿಲ್ಲ.

ಸಂತೆಯ ದಿನ ಬಳಗದ ನಾಲ್ಕಾರು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಇಸ್ತಿಯಾಕನ ಅಂಗಡಿಗೆ ಹೋದ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಕುರ್ಚಿ. ಗಾಜಿನ ಮೇಲೆ ಹೊಟ್ಟೆ ಬಿಚ್ಚಿದ ಫೋನುಗಳು ಸಾಲಾಗಿ ಮಲಗಿದ್ದವು.

‘ಏ ಇಸ್ತಿಯಾಕ, ನನ್ನ ಫೋನಿನ್ಯಾಗ ಏನ್ ಮಾಡಿದಿ?’

‘ಗ್ಲಾಸ್ ಹಾಕೇನಿ ಕಾಕಾ.’

‘ಗ್ಲಾಸ್ ಹಾಕಿದ್ದಷ್ಟ ಏನ, ಮತ್ತೇನರ ತಗದಿಯೋ?’

ಇಸ್ತಿಯಾಕ ಚೇಷ್ಟೆ ಎಂದುಕೊಂಡ. ‘ಧೂಳಾ ತಗದೇನಿ. ಅದಕ್ಕ ಬ್ಯಾರೆ ರೊಕ್ಕ ಹಚ್ಚಿಲ್ಲ ಬಿಡ್ರಿ.’

ಸುತ್ತ ನಿಂತವರು ನಕ್ಕರು. ಆ ನಗು ನೀಲಕಂಠಪ್ಪನನ್ನು ಚುಚ್ಚಿತು. ದನಿ ಏರಿಸಿದ. ಆ ದನಿ ಹೇಗಿರುತ್ತದೆ ಎಂಬುದು ನಮಗೆ ಗೊತ್ತು. ಮೈಕಿಲ್ಲದೆ ಇಡೀ ಮಾರುಕಟ್ಟೆಗೆ ಮುಟ್ಟುತ್ತಿದ್ದ ದನಿ. ‘ನಮ್ಮ ಕಣಜ ಕೊಳಿಸಿದಾಂವ ನೀನ! ಕಂಪನಿಯವರ ಹೇಳ್ಯಾರ, ಬ್ಯಾರೇದವ್ರ ಕೈ ಆಡೈತಿ ಅಂತ!’

ಕಂಪನಿಯವರು ಹಾಗೆ ಹೇಳಿರಲಿಲ್ಲ. ಬಾಗುಬಳಸು ಬೇಡ. ಅದು ಸುಳ್ಳು.

ಇಸ್ತಿಯಾಕ ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. ‘ಕಾಕಾ, ಎಷ್ಟೊತ್ತಿಗೆ ಕೊಳೀತು? ನಾ ಫೋನು ನಿಮ್ಮ ಕೈಯಾಗ ಕೊಡೂಕಿಂತ ಮದ್ಲೋ, ಕೊಟ್ಟ ಮ್ಯಾಲೋ?’

ಅವನ ಅಪ್ಪನ ಕಾಲದಲ್ಲಿ ನೀಲಕಂಠಪ್ಪ ಊರಿಗೆಲ್ಲ ಕಲಿಸಿದ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಡುವ ಅಗತ್ಯ ನೀಲಕಂಠಪ್ಪನಿಗೆ ಬೀಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಂದಿಯ ಕೈ ಓಡಿತು. ಮೂಲಂಗಿ ಬುಟ್ಟಿಯ ಹೆಂಗಸೊಬ್ಬಳು, ‘ನನ್ನ ಫೋನಿನ್ಯಾಗ ಮಗಳ ಫೋಟೋ ಅದಾವಪಾ’ ಎಂದು ಬಿಚ್ಚಿದ ಫೋನನ್ನು ಬಿಚ್ಚಿದಂತೆಯೇ ಸೆರಗಿನಲ್ಲಿ ಕಟ್ಟಿಕೊಂಡಳು. ಆಟೋದವನು ತನ್ನದು ಎತ್ತಿಕೊಂಡ. ಒಬ್ಬರನ್ನು ನೋಡಿ ಇನ್ನೊಬ್ಬರು. ಗಾಜು ಬರಿದಾಯಿತು. ಹಿಂದಿನಿಂದ ಯಾರೋ, ‘ಆ ಮಂದೀನ ನಂಬಬಾರ್ದು’ ಎಂದರು. ಗುಲಾಬಸಾಬನ ಬೆನ್ನಿನ ಋಣ ಉಂಡ ನೀಲಕಂಠಪ್ಪ ಆ ಮಾತು ಕೇಳಿದ. ಕೇಳಿ ಸುಮ್ಮನಿದ್ದ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಹೇಸಿಗೆ ತರುವುದು ಆ ಸುಮ್ಮನಿರುವಿಕೆ.

ಫೋನು ರಿಪೇರಿ ಎಂದರೆ ನಂಬಿಕೆಯ ಕಸುಬು. ಮನೆಯ ಫೋಟೋ, ಬ್ಯಾಂಕು, ಗುಟ್ಟು ಎಲ್ಲ ಅದರೊಳಗೆ. ಇವನು ಕೈಯಾಡಿಸುತ್ತಾನೆ ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು. ಇಸ್ತಿಯಾಕ ದಿನಾ ಅಂಗಡಿ ತೆರೆದು, ಗಾಜು ಒರೆಸಿ, ಕುಳಿತ. ಆಮೇಲೆ ಅರ್ಧ ದಿನ ಬಾಗಿಲು ಹಾಕಿ ಮನೆಮನೆಗೆ ಪಾರ್ಸಲ್ ಹಂಚುವ ಕೆಲಸ ಹಿಡಿದ. ನೀಲಕಂಠಪ್ಪನ ಓಣಿಗೂ ಪಾರ್ಸಲ್ ತರುತ್ತಿದ್ದ. ಇವನು ಕಟ್ಟೆ ಬಿಟ್ಟು ಒಳಗೆ ಹೋಗುತ್ತಿದ್ದ.

ಮತ್ತೆ ಪ್ರಭಾವತಿಯ ಫೋನು ಬಂತು. ಕಿವಿ ಮಂದವಾದ್ದರಿಂದ ನೀಲಕಂಠಪ್ಪ ಸ್ಪೀಕರ್ ಹಚ್ಚಿ ಮಾತಾಡುತ್ತಾನೆ. ಒಳಗೆ ಕಾಳವ್ವ ರೊಟ್ಟಿ ಬಡಿಯುತ್ತಿದ್ದಳು.

‘ಕಾಕಾರ, ನಿಮ್ಮ ದೂರು ಇನ್ನೂ ಹಂಗ ಐತ್ರಿ. ಬ್ಯಾರೆ ಊರಾಗೂ ಹಿಂಗ ಕಣಜ ಕರ್ರಗ ಆಗ್ಯಾವು. ಒಬ್ಬರು ನಮ್ಮ ಅಳಿಯ ಮಾಡ್ಯಾನ ಅಂತಾರ, ಒಬ್ಬಾಕಿ ಸೊಸಿ ಮ್ಯಾಲ ಹಾಕ್ಯಾಳ. ತಾವೇನ್ ಮಾಡಿದ್ರು ಅಂತ ಒಬ್ರೂ ಹೇಳವಲ್ರು. ಗೇಮ್ ಮಾಡಿದ ಮಂದಿ ಅದನ್ನ ರಿಪೇರಿ ಮಾಡಬೇಕಂದ್ರ ತಮ್ಮ ಕಣ್ಣ ಮುಂದ ಒಮ್ಮೆ ಕೆಡಿಸಿ ನೋಡಬೇಕಲ್ರಿ? ಹೆಂಗ ಕೆಡತೈತಿ ಅನ್ನೂದ ತಿಳೀದಿದ್ರ ಏನ್ ಮಾಡ್ತಾರ? ನಮ್ಮ ಕಡೆ ಏನೂ ದೋಷ ಇಲ್ಲ ಅಂತ ಬರದು ಮುಚ್ಚಿಬಿಡ್ತಾರ.’

‘ಮುಚ್ಚಿದ್ರ ನಾವು ಬಿಡಂಗಿಲ್ಲ. ಹೋರಾಟ ಮಾಡ್ತೇವಿ.’

ಪ್ರಭಾವತಿ ನಕ್ಕಳು. ‘ನಿಮ್ಮ ದೂರು ಓದಿ ನಮ್ಮ ಸಾಹೇಬ್ರೂ ಅದನ್ನ ಕೇಳಿದ್ರು ನೋಡ್ರಿ. ಉಗ್ರ ಹೋರಾಟ ಅಂದಾರಲ್ಲ, ತಾರೀಖು ಯಾವುದಂತ?’

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು.

‘ತಾರೀಖಾ?’ ಕಾಳವ್ವ ಒಳಗಿನಿಂದಲೇ ಕೂಗಿದಳು. ‘ಇವರ ಫೋನಿನ ತಾರೀಖು ಕೇಳಬ್ಯಾಡ ಯವ್ವಾ! ಅದನ್ನ ನೋಡಿ ನಾ ಶನಿವಾರ ದಿನ ಸೋಮವಾರದ ಉಪಾಸ ಮಾಡೇನಿ! ದಿನಾ ಮುಂದ ಓಡಸ್ತಾರ, ಹಿಂದ ತರ್ತಾರ. ದೇವರು ನನ್ನ ಉಪಾಸ ಯಾವ ವಾರದ ಲೆಕ್ಕಕ್ಕ ಹಿಡಕೊಂಡಾನೋ!’

ಫೋನಿನ ಆ ಕಡೆ ನಗು ನಿಂತಿತು.

‘ಕಾಕಾರ,’ ಪ್ರಭಾವತಿ ಮೆಲ್ಲಗೆ ಕೇಳಿದಳು, ‘ಕಾಕೂ ಅನ್ನೂದು ಖರೇನ್ರಿ?’

ನೀಲಕಂಠಪ್ಪ ಗೋಡೆ ನೋಡಿದ. ಆಮೇಲೆ ಹೇಳಿದ. ಅವಳು ಕೇಳುತ್ತ ಹೋದಳು: ತಾರೀಖು ಮುಂದ ತಂದಿದ್ದು ಕೊಯ್ಯೂ ಮದ್ಲೋ, ಕೊಯ್ದ ಮ್ಯಾಲೋ? ಎಷ್ಟು ದಿನ ಮುಂದ? ಕಣಜಕ್ಕ ಸುರಿಯೂ ಮುಂದ ಮುಂದಿನ ತಾರೀಖ ಇತ್ತೇನ್ರಿ? ಕರ್ರಗ ಆಗಿದ್ದು ಸುರಿದ ಕೂಡ್ಲೆನೋ, ಹಿಂದ ತಂದ ಮ್ಯಾಲೋ? ಒಂದಕ್ಕೂ ತಪ್ಪಿಸಿಕೊಳ್ಳಲು ಸಂದಿಯಿರಲಿಲ್ಲ. ಹಿಂದೊಮ್ಮೆ ಸಾಹೇಬರ ಜೀಪಿನ ಎದುರು ನಿಂತಾಗ ಕೇಳದೆಯೇ ಹೇಳಿದವನ ಬಾಯಿಂದ ಈಗ ಒಂದೊಂದನ್ನೂ ಎಳೆದು ತೆಗೆಯಬೇಕಾಯಿತು. ಆಗ ಅವನಿಗೆ ಹೆಸರಿರಲಿಲ್ಲ, ಕಳೆದುಕೊಳ್ಳುವ ಭಯವೂ ಇರಲಿಲ್ಲ. ಆಗ ಖರೇ ಹೇಳಿ ಗಳಿಸಿದ ಹೆಸರನ್ನು ಉಳಿಸಿಕೊಳ್ಳಲು ಈಗ ಸುಳ್ಳು ಹೇಳಿದ್ದ.

‘ಇಷ್ಟ ಬೇಕಾಗಿತ್ರಿ,’ ಎಂದಳು ಪ್ರಭಾವತಿ. ‘ತಾರೀಖು ತಿದ್ದಿದ್ದಕ್ಕ ನಿಮ್ಮನ್ನೇನೂ ಗಲ್ಲಿಗೆ ಹಾಕ್ತಿರಲಿಲ್ಲ ಕಾಕಾರ. ಊರ ಮಂದಿ ಮಾಡ್ತಾರ. ಅವತ್ತ ಹೇಳಿದ್ರ ಅವತ್ತ ಮುಗೀತಿತ್ತು.’ ಆಮೇಲೆ, ‘ಅಂದಂಗ, ಆ ರಿಪೇರಿಯವರ ಹೆಸರು ಹೇಳಿದ್ರಲ್ಲ, ಅವರಿಗೇನೂ ತ್ರಾಸ ಆಗಿಲ್ಲಲ್ರಿ?’ ಎಂದು ಕೇಳಿದಳು.

‘ಇಲ್ಲ ತಂಗಿ,’ ಎಂದ ನೀಲಕಂಠಪ್ಪ. ‘ಅಂವಗೇನಾಗೈತಿ?’

ಕಾಳವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಗಂಡನ ಮುಖ ನೋಡಿದಳು. ಒಳಗೆ ಹೋದಳು. ಅವತ್ತು ತಟ್ಟೆ ತಂದಿಟ್ಟಳು, ಬಡಿಸಲಿಲ್ಲ.

ಕೆಲವು ದಿನಗಳಲ್ಲಿ ಕಣಜ ಮತ್ತೆ ತುಂಬಿತು. ಗೇಮು ಮಾಡಿದವರು ತಮ್ಮ ತಪ್ಪು ಒಪ್ಪಿಕೊಂಡು ಎಲ್ಲ ಊರುಗಳ ಕಾಳು ಹಿಂದಿರುಗಿಸಿದರು. ಬಳಗದಲ್ಲಿ ಜಯಘೋಷ. ಕಾಕಾ ಕಂಪನಿಯನ್ನೇ ಬಗ್ಗಿಸಿದರು, ಕಾಕಾಗೆ ಶಾಲು ಹೊದಿಸಬೇಕು! ನೀಲಕಂಠಪ್ಪ ಉತ್ತರ ಹಾಕಿದ: ಕಂಪನಿಯವರ ತಪ್ಪು ಇತ್ತಂತ, ಒಪ್ಪಿಕೊಂಡಾರ. ಇಸ್ತಿಯಾಕನ ಹೆಸರು ಆ ಉತ್ತರದಲ್ಲಿರಲಿಲ್ಲ. ಇಸ್ತಿಯಾಕ ಬಳಗ ಬಿಟ್ಟು ಹೋಗಿದ್ದನ್ನು ಯಾರೂ ಗಮನಿಸಿರಲಿಲ್ಲ ಕೂಡ.

ಶಾಲಿನ ಮಾತು ಬಂದ ಮೇಲೆ ನೀಲಕಂಠಪ್ಪನಿಗೆ ಅನ್ನ ಇಳಿಯಲಿಲ್ಲ. ಒಂದು ಮಧ್ಯಾಹ್ನ, ಬಿಸಿಲಿಗೆ ನಾಯಿ ಕೂಡ ಹೊರಬರದ ಹೊತ್ತು ನೋಡಿ, ಕುಂಟುತ್ತ ಅಂಗಡಿಗೆ ಹೋದ. ಇಸ್ತಿಯಾಕ ಒಬ್ಬನೇ ಇದ್ದ.

‘ತಪ್ಪಾತಪಾ,’ ಎಂದ ಸಣ್ಣ ದನಿಯಲ್ಲಿ. ‘ತಾರೀಖು ನಾನ ತಿದ್ದಿದ್ದೆ. ನಿಂದೇನೂ ಇರಲಿಲ್ಲ.’

ಇಸ್ತಿಯಾಕ ಎದ್ದ. ‘ಕುಂಡರ್ರಿ ಕಾಕಾ,’ ಎಂದು ಇದ್ದೊಂದು ಕುರ್ಚಿ ಬಿಟ್ಟುಕೊಟ್ಟ. ‘ಅವತ್ತ ಒದರೂ ಮುಂದ ಮೂಲಂಗಿ ಮಾರೂ ಮಂದಿಗೂ ಕೇಳಿಸ್ತು. ಇವತ್ತ ನಿಮ್ಮ ಮಾತು ನನಗ ಸೈತ ಸರಿಯಾಗಿ ಕೇಳವಲ್ದು. ನಿಮ್ಮ ದನಿ ಎಲ್ಲಿ ಹೋತು?’

‘ನಿನ್ನ ಕೈ ಮುಗಿತೇನಿ.’

‘ಕೈ ಮುಗಿಯೂದು ಬ್ಯಾಡ್ರಿ, ನಮ್ಮಪ್ಪನ ದೋಸ್ತ ಅದೀರಿ. ಸಂತಿ ದಿನ ಬರ್ರಿ. ಅವತ್ತ ಎಲ್ಲಿ ನಿಂತಿದ್ರಿ ಅಲ್ಲೇ ನಿಂದರ್ರಿ. ಈಗ ನನ್ನ ಮುಂದ ಹೇಳಿದ್ದ ಮಾತು ಅವರ ಮುಂದ ಹೇಳ್ರಿ. ಮತ್ತೇನೂ ಬ್ಯಾಡ ನನಗ.’

ಸಂತೆಯ ದಿನ ನೀಲಕಂಠಪ್ಪ ಹೋದ. ಇದನ್ನು ಅವನೇ ಹೇಳಿದ್ದು. ಅಂಗಡಿಯ ಮುಂದೆ ನಿಂತ. ಇಸ್ತಿಯಾಕ ತಲೆ ಎತ್ತಿದ. ಮೂಲಂಗಿಯ ಹೆಂಗಸು, ಆಟೋದವನು, ಬಳಗದ ಹುಡುಗಿಯರು, ಎಲ್ಲ ಅಲ್ಲೇ ಇದ್ದರು. ‘ಶಾಲು ಯಾವಾಗ ಕಾಕಾ?’ ಎಂದು ಯಾರೋ ಕೂಗಿದರು. ನೀಲಕಂಠಪ್ಪ ಪಕ್ಕದ ಬುಟ್ಟಿಗೆ ಬಗ್ಗಿದ, ಬದನೆಕಾಯಿ ಆರಿಸಿದ, ಚೀಲಕ್ಕೆ ಹಾಕಿಸಿಕೊಂಡ, ಮನೆಗೆ ನಡೆದ.

‘ಬದನಿಕಾಯಿ ಮನ್ಯಾಗ ಇದ್ವು,’ ಎಂದಳು ಕಾಳವ್ವ. ‘ನೀವು ತರಾಕ ಹೋಗಿದ್ದು ಅದನ್ನಲ್ಲ.’ ಅವಳು ಅವುಗಳನ್ನು ಹೆಚ್ಚಲಿಲ್ಲ. ಬುಟ್ಟಿಯಲ್ಲೇ ಕಪ್ಪಾಗಲು ಬಿಟ್ಟಳು.

ಆಮೇಲೆ ಅವನು ನನ್ನಲ್ಲಿಗೆ ಬಂದ. ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, ‘ನೀ ಬರದುಬಿಡು ದೋಸ್ತ. ಹೆಸರು ಹಾಕೇ ಬರಿ. ಅಲ್ಲಿಗೆ ನನ್ನ ಬಾಕಿ ತೀರಿತು,’ ಎಂದ. ಬರೆಯುತ್ತೇನೆ, ತೀರುವುದಿಲ್ಲ ಎಂದೆ. ಒದರಿದ್ದು ಬಾಯಿ. ತೀರಿಸಬೇಕಾದ್ದೂ ಬಾಯಿಯೇ. ತಲೆ ತಗ್ಗಿಸಿಕೊಂಡು ಹೋದ. ಅವನ ತಗ್ಗಿದ ತಲೆ ಕಂಡು ಮರುಗುವ ವಯಸ್ಸು ನನ್ನದಲ್ಲ. ತಗ್ಗಿದ ತಲೆಯಿಂದ ಇಸ್ತಿಯಾಕನ ಗಾಜಿನ ಮೇಲೆ ಒಂದು ಫೋನೂ ಬರುವುದಿಲ್ಲ.

ಈಗ ನಿಮ್ಮ ಮಾತು. ಅವತ್ತು ಆ ಸಂತೆಯಲ್ಲಿ ನೀವೂ ಇದ್ದಿರಿ. ಇಲ್ಲದಿದ್ದರೂ ಇಂಥದೇ ಇನ್ನೊಂದು ಸಂತೆಯಲ್ಲಿ ಇದ್ದಿರಿ. ಇಸ್ತಿಯಾಕ ಕೇಳಿದ್ದ, ಎಷ್ಟೊತ್ತಿಗೆ ಎಂದು. ಉತ್ತರ ಕೇಳಿಸಿಕೊಳ್ಳಲು ನೀವು ನಿಲ್ಲಲಿಲ್ಲ, ನಿಮ್ಮ ಫೋನು ಎತ್ತಿಕೊಂಡು ನಡೆದಿರಿ. ಉತ್ತರ ಇಲ್ಲಿದೆ: ಫೋನು ಅವನ ಕೈಬಿಟ್ಟ ಮೇಲೆ. ಬರುವ ಸಂತೆಗೆ ನೀಲಕಂಠಪ್ಪನನ್ನು ರಟ್ಟೆ ಹಿಡಿದು ಆ ಅಂಗಡಿಯ ಮುಂದೆ ನಾನು ತಂದು ನಿಲ್ಲಿಸುತ್ತೇನೆ. ನೀವು ಬನ್ನಿ. ಅವನು ಬಾಯಿ ಬಿಡುವವರೆಗೆ ಜಾಗ ಬಿಟ್ಟು ಕದಲಬೇಡಿ, ಬದನೆಕಾಯಿ ಕಡೆಗೆ ಅವನು ಬಗ್ಗಿದರೆ ಬುಟ್ಟಿ ಸರಿಸಿ. ಅವನದು ಮುಗಿದ ಮೇಲೆ ನೀವೂ ಒಂದು ಹೆಜ್ಜೆ ಮುಂದೆ ಬನ್ನಿ. ಅವತ್ತು ನಿಮ್ಮ ಕೈ ಏನು ಮಾಡಿತು ಎಂಬುದನ್ನು ಮೂಲಂಗಿ ಮಾರುವವರಿಗೂ ಕೇಳುವ ಹಾಗೆ ಇಸ್ತಿಯಾಕನಿಗೆ ಹೇಳಿ. ಹೇಳಿ, ನಿಮ್ಮ ಫೋನನ್ನು ಆ ಗಾಜಿನ ಮೇಲಿಡಿ.